ಹೊಯಿಗೆ ದಿಣ್ಣೆಯ ಬೇರು ಘಟ್ಟದಲ್ಲಿದೆ

ಘಟ್ಟದ ಮೇಲಿನವರೂ ಬುಡದವರೂ ಓದುವ ಈ ಪತ್ರಿಕೆಯಲ್ಲಿ ಕಡಲತಡಿಯ ಮರಳಿನ ವಿಚಾರವೇಕೆ ಎಂದು ಕೆಲವರಿಗಾದರೂ ಅನ್ನಿಸಬಹುದು. ನಮ್ಮ ಚಿಂತೆಗಳು ಕಾಡಿನವು, ಕುಮ್ಕಿ ಜಮೀನಿನವು, ಅಡಿಕೆ ತೋಟದವು, ಬೇಸಿಗೆಯಲ್ಲಿ ಬತ್ತುವ ತೋಡಿನವು. ಆದರೆ ಉಡುಪಿ ಸೀಮೆಯ ಕಡಲತಡಿಗೆ ಹೋದಾಗ ಒಂದು ಹಿಡಿ ಹೊಯಿಗೆಯನ್ನು ಅಂಗೈಯಲ್ಲಿ ಹರಡಿ ಬಿಸಿಲಿಗೆ ಹಿಡಿದು ನೋಡಿ. ಗಾಜಿನಂತೆ ಹೊಳೆಯುವ ಬಿಳಿಯ ಕಣಗಳೆಲ್ಲ ಬೆಣಚುಕಲ್ಲಿನ ಚೂರುಗಳು. ನಡುವೆ ಸಿಗುವ ಕರಿಯ, ಭಾರವಾದ ಕಣಗಳು ಕಬ್ಬಿಣದ ಅಂಶವುಳ್ಳ ಖನಿಜಗಳು. ಶಂಖ ಚಿಪ್ಪುಗಳ ಪುಡಿಯನ್ನು ಬಿಟ್ಟರೆ ಆ ಹಿಡಿಯಲ್ಲಿ ಕಡಲು ತಾನಾಗಿ ಹುಟ್ಟಿಸಿದ್ದು ಹೆಚ್ಚೇನೂ ಇಲ್ಲ. ಉಳಿದದ್ದು ನಮ್ಮ ಬೆಟ್ಟ.

ಈ ಮಾತನ್ನು ಅಲಂಕಾರಕ್ಕಾಗಿ ಹೇಳುತ್ತಿಲ್ಲ. ಕುದುರೆಮುಖ ಶ್ರೇಣಿಯ ಪಶ್ಚಿಮದ ಇಳಿಜಾರಿನಲ್ಲಿ, ಮಾಳದ ಕಡೆಯಿಂದ ಇಳಿದು ಕಾರ್ಕಳ ತಾಲೂಕನ್ನು ಹಾಯ್ದು, ಹಿರಿಯಡಕ ಮಣಿಪಾಲಗಳ ಮಗ್ಗುಲಲ್ಲಿ ಹರಿದು ಕಲ್ಯಾಣಪುರಕ್ಕೆ ಬರುವ ಹೊಳೆ ಸ್ವರ್ಣೆ. ಆಗುಂಬೆಯ ಸಮೀಪದ ನರಸಿಂಹ ಪರ್ವತದ ನೀರು ಹೊತ್ತು, ಸೋಮೇಶ್ವರ ಅಭಯಾರಣ್ಯದ ಕಾಡನ್ನು ದಾಟಿ, ಹೆಬ್ರಿಯ ಮೂಲಕ ಬಾರಕೂರಿಗೆ ಬರುವವಳು ಸೀತೆ. ಇಬ್ಬರೂ ಕೋಡಿ ಬೆಂಗ್ರೆಯ ಅಳಿವೆಯಲ್ಲಿ ಕಡಲನ್ನು ಸೇರುತ್ತಾರೆ. ಆಗುಂಬೆಯಿಂದ ಕಡಲಿಗೆ ಹಕ್ಕಿ ನೇರವಾಗಿ ಹಾರಿದರೆ ನಲವತ್ತು ಚಿಲ್ಲರೆ ಕಿಲೋಮೀಟರು ಮಾತ್ರ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7000 ಮಿಲಿಮೀಟರಿಗೂ ಮಿಗಿಲಾಗಿ ಮಳೆ ಬೀಳುತ್ತದೆ. ಇಷ್ಟು ಮಳೆ, ಇಷ್ಟು ಕಡಿದಾದ ಇಳಿಜಾರು, ಇಷ್ಟು ಗಿಡ್ಡ ಹೊಳೆ. ಮಳೆ ನೆನೆಸಿ ಸಡಿಲಿಸಿದ ಬಂಡೆಯ ಚೂರು ನುಣ್ಣಗಾಗುವ ಮೊದಲೇ ಅಳಿವೆಯನ್ನು ಮುಟ್ಟುತ್ತದೆ. ಮುರಕಲ್ಲಿನ ಗುಡ್ಡಗಳಿಂದ ತೊಳೆದು ಬರುವ ಕೆಂಪು ಎರೆ ಕಡಲಿನ ಆಳಕ್ಕೆ ಹೋಗಿ ತಳ ಹಿಡಿಯುತ್ತದೆ. ಹೊಳೆಯ ತಳದಲ್ಲಿ ಉರುಳಿ ಬರುವ ಒರಟು ಹೊಯಿಗೆ ದಂಡೆಗೆ ಉಳಿಯುತ್ತದೆ.

ಕರಾವಳಿಯ ನೆಲ ಹುಟ್ಟಿದ ಬಗೆಗೆ ನಮ್ಮಲ್ಲಿ ಪರಶುರಾಮನ ಕತೆಯುಂಟು. ಕೊಡಲಿ ಎಸೆದ ದೂರಕ್ಕೆ ಕಡಲು ಹಿಂದೆ ಸರಿಯಿತೆಂದು ಹೇಳುತ್ತಾರೆ. ಭೂವಿಜ್ಞಾನ ಹೇಳುವುದರಲ್ಲಿ ಕಡಲು ಹಿಂದೆಯೂ ಸರಿದಿದೆ, ಮುಂದೆಯೂ ಬಂದಿದೆ. ಸುಮಾರು 20,000 ವರ್ಷಗಳ ಹಿಂದೆ, ಹಿಮಯುಗದ ಪರಾಕಾಷ್ಠೆಯಲ್ಲಿ, ಜಗತ್ತಿನ ಕಡಲುಗಳ ಮಟ್ಟ ಇಂದಿಗಿಂತ ಹೆಚ್ಚುಕಡಿಮೆ 120 ಮೀಟರ್ ಕೆಳಗಿತ್ತು. ಈಗ ಮಲ್ಪೆಯ ದೋಣಿಗಳು ಬಲೆ ಬಿಡುವ ಎಷ್ಟೋ ಜಾಗ ಆಗ ಒಣನೆಲವಾಗಿತ್ತು. ಹಿಮ ಕರಗಿದಂತೆ ಕಡಲೇರಿ, ಆರೇಳು ಸಾವಿರ ವರ್ಷಗಳ ಹಿಂದೆ ಸರಿಸುಮಾರು ಇಂದಿನ ಮಟ್ಟದಲ್ಲಿ ನಿಂತಿತು. ಈಗ ಕಾಣುವ ಹೊಯಿಗೆ ದಿಣ್ಣೆಗಳ ಸಾಲು ಅಲ್ಲಿಂದೀಚೆಗಿನ ಕಟ್ಟೋಣ. ಮಲ್ಪೆಯ ಎದುರಿನ ಸೈಂಟ್ ಮೇರೀಸ್ ದ್ವೀಪದ ಕಂಬಕಲ್ಲುಗಳು ಎಂಟು ಕೋಟಿ ವರ್ಷಕ್ಕೂ ಹಳೆಯವು. ಮಡಗಾಸ್ಕರ್ ನಮ್ಮಿಂದ ಬೇರ್ಪಟ್ಟ ಕಾಲದ ಜ್ವಾಲಾಮುಖಿಯ ಸಾಕ್ಷಿ. ಅವಕ್ಕೆ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂಬ ಮಾನ್ಯತೆ ಸಿಕ್ಕಿದೆ, ಸಿಗಬೇಕಾದದ್ದೇ. ಅವುಗಳ ಎದುರಿನ ದಂಡೆಯ ದಿಣ್ಣೆಗೆ ಮಾತ್ರ ಒಂದು ಫಲಕವೂ ಇಲ್ಲ. ಕಲ್ಲು ಕದಲುವುದಿಲ್ಲ, ದಿಣ್ಣೆ ಪ್ರತಿವರ್ಷ ಕದಲುತ್ತದೆ. ಕದಲುವುದನ್ನು ಸ್ಮಾರಕವೆನ್ನಲು ನಮ್ಮ ಕಚೇರಿಗಳಿಗೆ ಬರುವುದಿಲ್ಲವೆಂದು ತೋರುತ್ತದೆ.

ಊರುಗಳ ಹೆಸರುಗಳಲ್ಲಿ ಈ ಚರಿತ್ರೆ ಅಡಗಿದೆ. ಕೋಡಿ ಬೆಂಗ್ರೆ, ಹೆಜಮಾಡಿ ಕೋಡಿ, ಕುಂದಾಪುರದ ಕೋಡಿ, ಕೋಡಿ ಕನ್ಯಾನ. ಕೋಡಿಯೆಂದರೆ ತುದಿ, ಕೊಂಬು. ಒಂದು ಬದಿಗೆ ಹೊಳೆ, ಒಂದು ಬದಿಗೆ ಕಡಲು, ನಡುವೆ ಕೊಂಬಿನಂತೆ ಚಾಚಿದ ಹೊಯಿಗೆಯ ನಾಲಗೆ. ಹೊಳೆ ನೇರವಾಗಿ ಕಡಲಿಗೆ ಬೀಳಲಾಗದೆ ದಿಣ್ಣೆಗೆ ಮೈತಾಗಿಸಿ ಮಗ್ಗುಲಿಗೆ ತಿರುಗಿ ಬಹುದೂರ ಹರಿದು, ಜಾಗ ಸಿಕ್ಕಲ್ಲಿ ಅಳಿವೆ ತೆರೆಯುತ್ತದೆ. ಉಡುಪಿಯ ಉದ್ಯಾವರ ಹೊಳೆ, ಮೂಲ್ಕಿಯ ಶಾಂಭವಿ, ಮರವಂತೆಯಲ್ಲಿ ಕಡಲಿಗೆ ಬೆನ್ನು ಹಾಕಿ ತಿರುಗುವ ಸೌಪರ್ಣಿಕೆ, ಎಲ್ಲವೂ ಹೀಗೆಯೇ. ಆಳುಪರ ರಾಜಧಾನಿಯಾಗಿದ್ದ ಬಾರಕೂರು, ವಾರಾಹಿಯ ದಂಡೆಯ ಬಸರೂರು, ಸ್ವರ್ಣೆಯ ಕಲ್ಯಾಣಪುರ: ಈ ಹಳೆಯ ವ್ಯಾಪಾರದ ಊರುಗಳಲ್ಲಿ ಒಂದೂ ತೆರೆದ ಕಡಲಿಗೆ ಮುಖಮಾಡಿ ನಿಂತಿಲ್ಲ. ದಿಣ್ಣೆಯ ಮರೆಯ ಶಾಂತ ನೀರೇ ಅವುಗಳ ಬಂದರು. 1665ರಲ್ಲಿ ಶಿವಾಜಿಯ ಹಡಗುಗಳು ಬಸರೂರಿಗೆ ನುಗ್ಗಿದ್ದನ್ನು ಶಾಲೆಯಲ್ಲಿ ಓದಿದವರಿದ್ದಾರೆ. ಆ ಹಡಗುಗಳಿಗೆ ದಾರಿ ಕೊಟ್ಟ ಅಳಿವೆ, ಆ ಪೇಟೆಗೆ ಕಾವಲಾಗಿದ್ದ ಹೊಯಿಗೆ ಪಾಠಪುಸ್ತಕದಲ್ಲಿ ಬರುವುದಿಲ್ಲ.

ದಿಣ್ಣೆಯೆಂದರೆ ಮರಳಿನ ರಾಶಿಯಷ್ಟೇ ಅಲ್ಲ. ಲಾರಿಯಿಂದ ಸುರಿದ ರಾಶಿಗೂ ದಿಣ್ಣೆಗೂ ಇರುವ ವ್ಯತ್ಯಾಸ ಬೇರಿನದು. ಅಕ್ಟೋಬರಿನಿಂದ ಮೇವರೆಗೆ ಶಾಂತವಾದ ಅಲೆಗಳು ಹೊಯಿಗೆಯನ್ನು ದಂಡೆಗೆ ತಂದು ಬಿಡುತ್ತವೆ, ಒಣಗಿದ ಹೊಯಿಗೆಯನ್ನು ಗಾಳಿ ಒಳಕ್ಕೆ ಒಯ್ಯುತ್ತದೆ. ಅಲೆ ಎಸೆದ ಕಸ, ತೆಂಗಿನ ಮಟ್ಟೆ, ಸತ್ತ ಬಳ್ಳಿಯ ಹಿಂದೆ ಅದು ಮೊದಲು ನಿಲ್ಲುತ್ತದೆ. ಅಲ್ಲಿ ಬೀಜವೂ ಸಿಕ್ಕಿಕೊಳ್ಳುತ್ತದೆ. ಕಡಲಿಗೆ ತೀರ ಹತ್ತಿರದಲ್ಲಿ ಹಬ್ಬುವುದು ಬಂಗಡ ಬಳ್ಳಿ, ಕೆಲವರು ಅಡುಂಬು ಬಳ್ಳಿ ಎನ್ನುತ್ತಾರೆ. ನೇರಳೆ ಬಣ್ಣದ ಹೂವು, ಆಡಿನ ಗೊರಸಿನಂತೆ ಸೀಳಿದ ಎಲೆ. ಗೆಣಸಿನ ಕುಲದ್ದೇ ಆದುದರಿಂದ ಗಂಟುಗಂಟಿಗೂ ಬೇರು ಬಿಡುವುದು ಅದರ ಸ್ವಭಾವ. ಹೊಯಿಗೆ ಮುಚ್ಚಿದಷ್ಟೂ ಮೇಲೆದ್ದು ಮತ್ತೆ ಬೇರು ಬಿಡುತ್ತದೆ. ಅದರ ಜೊತೆಗೆ ರಾವಣನ ಮೀಸೆಯೆಂಬ ಚೂಪಾದ ಹುಲ್ಲು. ಒಣಗಿದ ಅದರ ಕಾಯಿಗೊಂಡೆ ಗಾಳಿಗೆ ಚಕ್ರದಂತೆ ಉರುಳುತ್ತ ಹೋಗುವುದನ್ನು ನೋಡದ ಕರಾವಳಿಯ ಮಕ್ಕಳಿಲ್ಲ. ಹಿಂದಿನ ಸಾಲಿನಲ್ಲಿ ಕೇದಗೆಯ ಮೆಳೆ, ಅದರಾಚೆ ಸುರಹೊನ್ನೆ, ಆಮೇಲೆ ತೆಂಗು ಮತ್ತು ಮನೆ. ಈ ಕ್ರಮವನ್ನು ಯಾರೂ ನೆಟ್ಟು ಮಾಡಿದ್ದಲ್ಲ. ಉಪ್ಪಿನ ಗಾಳಿಯನ್ನು ಯಾವ ಗಿಡ ಎಷ್ಟು ತಾಳುತ್ತದೆಂಬ ಲೆಕ್ಕದಿಂದ ತಾನಾಗಿ ಏರ್ಪಟ್ಟದ್ದು.

ಮಳೆಗಾಲ ಬಂದಾಗ ಲೆಕ್ಕ ತಿರುಗುಮುರುಗಾಗುತ್ತದೆ. ಆಷಾಢದ ದೊಡ್ಡ ಅಲೆಗಳು ದಂಡೆಯ ಹೊಯಿಗೆಯನ್ನು ಕಿತ್ತು ಸ್ವಲ್ಪ ದೂರ ಒಯ್ದು ನೀರಿನಡಿಯಲ್ಲಿ ದಿಬ್ಬವಾಗಿ ಇಡುತ್ತವೆ. ಆ ದಿಬ್ಬದ ಮೇಲೆ ಮುಂದಿನ ಅಲೆ ಮುರಿದು ತನ್ನ ಬಲವನ್ನು ಕಳೆದುಕೊಳ್ಳುತ್ತದೆ. ದಂಡೆ ಬಡವಾದಾಗ ದಿಣ್ಣೆ ಹೊಯಿಗೆ ಕೊಡುತ್ತದೆ. ಕಡಲು ತಣಿದಾಗ ಕಡ ತೀರುತ್ತದೆ. ಆಟಿ ತಿಂಗಳಿಗೆಂದು ಭತ್ತವನ್ನು ತುಪ್ಪೆ ಕಟ್ಟಿಡುತ್ತಿದ್ದ ನಮ್ಮ ಹಿರಿಯರಿಗೆ ಇದನ್ನು ವಿವರಿಸಬೇಕಾಗಿರಲಿಲ್ಲ. ತುಪ್ಪೆಯನ್ನು ಬೇಸಿಗೆಯಲ್ಲೇ ಬಿಚ್ಚಿ ಮಾರಿ, ಆಟಿಯಲ್ಲಿ ಹಸಿವೆಂದು ಬೊಬ್ಬಿಟ್ಟರೆ ಏನು ಹೇಳುತ್ತಿದ್ದರೋ.

ಇಲ್ಲಿಯ ಜೀವಗಳ ವಿಷಯವನ್ನೂ ಹೇಳಬೇಕು. ಸಂಜೆಯ ಹೊತ್ತು ಮರಳಿನ ಬಿಲದಿಂದ ಹೊರಬರುವ, ಕಡ್ಡಿಯ ತುದಿಯಲ್ಲಿ ಕಣ್ಣಿಟ್ಟುಕೊಂಡಂಥ ಏಡಿಗಳು ದಂಡೆಯ ಜಾಡಮಾಲಿಗಳು. ಸತ್ತ ಮೀನನ್ನು ಕೊಳೆಯಲು ಬಿಡುವುದಿಲ್ಲ. ಅಳಿವೆಯ ಮರಳುದಂಡೆಗಳಲ್ಲಿ ಚಳಿಗಾಲದ ತುಂಬ ಗೊರವಗಳು, ರೀವಗಳು, ಕಡಲಕ್ಕಿಗಳು ಕೂರುತ್ತವೆ. ಅವುಗಳಲ್ಲಿ ಹಲವು ಉತ್ತರದ ದೂರದೇಶಗಳಿಂದ ಬಂದವು. ಮೇಲೆ ಗರುಡ, ಕೆಲವೊಮ್ಮೆ ಬಿಳಿ ಹೊಟ್ಟೆಯ ಕಡಲ ಹದ್ದು. ಕೇದಗೆಯ ಮೆಳೆಯಲ್ಲಿ ಉಡ, ನರಿ. ಇವೆಲ್ಲಕ್ಕಿಂತ ಹೆಚ್ಚಾಗಿ ದಿಣ್ಣೆಯನ್ನು ನೆಚ್ಚಿಕೊಂಡದ್ದು ಕಡಲಾಮೆ. ಕುಂದಾಪುರದ ಕೋಡಿಯ ಕಡೆ ಆಲಿವ್ ರಿಡ್ಲೆ ಆಮೆಗಳು ಮೊಟ್ಟೆಯಿಡುವುದನ್ನು ಅಲ್ಲಿಯ ಮೀನುಗಾರರು ಬಲ್ಲರು, ಅರಣ್ಯ ಇಲಾಖೆಯೊಂದಿಗೆ ಸೇರಿ ಗೂಡುಗಳನ್ನು ಕಾಯ್ದವರೂ ಇದ್ದಾರೆ. 2024ರ ಆರಂಭದಲ್ಲಿ ಮಂಗಳೂರಿನ ಕಡೆ ಸಸಿಹಿತ್ಲಿನಂಥ ದಂಡೆಗಳಲ್ಲೂ ಗೂಡುಗಳು ಸಿಕ್ಕವು. ಆಮೆ ರಾತ್ರಿ ಬಂದು, ಉಬ್ಬರದ ಗೆರೆಗಿಂತ ಮೇಲೆ, ದಿಣ್ಣೆಯ ಮುಂಭಾಗದಲ್ಲಿ ಗುಂಡಿ ತೋಡಿ ನೂರರ ಆಸುಪಾಸು ಮೊಟ್ಟೆಗಳನ್ನಿಟ್ಟು ಹೋಗುತ್ತದೆ. ಐವತ್ತು ದಿನಗಳ ಹೊತ್ತಿಗೆ ಮರಿಗಳು ಹೊರಬರುತ್ತವೆ. ಮರಿ ಗಂಡೋ ಹೆಣ್ಣೋ ಎಂಬುದು ಹೊಯಿಗೆಯ ಬಿಸಿಯ ಮೇಲೆ ನಿಂತಿದೆ. 29 ಡಿಗ್ರಿಯ ಆಸುಪಾಸಿನಲ್ಲಿ ಎರಡೂ ಹುಟ್ಟುತ್ತವೆ, ಅದಕ್ಕಿಂತ ಬಿಸಿಯಾದರೆ ಹೆಣ್ಣೇ ಹೆಚ್ಚು, ತಂಪಾದರೆ ಗಂಡೇ ಹೆಚ್ಚು. ಹುಟ್ಟಿದ ಹೆಣ್ಣಾಮೆ ಹತ್ತು ಹದಿನೈದು ವರ್ಷಗಳ ಮೇಲೆ ಬಸುರಾಗಿ ತಾನು ಹುಟ್ಟಿದ ಕರಾವಳಿಗೇ ಮರಳುತ್ತದೆ. ಬಂದಾಗ ಎದುರಿಗೆ ಕಗ್ಗಲ್ಲಿನ ಗೋಡೆಯಿದ್ದರೆ ಏನು ಮಾಡಬೇಕು? 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲ ಅನುಸೂಚಿಯಲ್ಲಿ ಅದರ ಹೆಸರಿದೆ, ಹುಲಿಯ ಜೊತೆಯಲ್ಲಿ. ಹುಲಿಯ ಕಾಡಿಗೆ ಗೋಡೆ ಕಟ್ಟಿದರೆ ನಾವು ಸುಮ್ಮನಿರುತ್ತಿದ್ದೆವೇ?

ಗಾಳಿಮರದ ಮಾತನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ಗಾಳಿಮರ ನಮ್ಮ ಕರಾವಳಿಯದ್ದೆಂದೇ ಹಲವರು ತಿಳಿದಿದ್ದಾರೆ. 1868ರ ಸುಮಾರಿಗೆ ಕಾರವಾರದಲ್ಲಿ ಅದರ ನೆಡುತೋಪು ಆರಂಭವಾಯಿತು, ಉದ್ದೇಶ ಸೌದೆ. ಬೇಗ ಬೆಳೆಯುತ್ತದೆ, ಗಾಳಿ ತಡೆಯುತ್ತದೆ, ಬಡವರ ಒಲೆಗೆ ಉರುವಲು ಕೊಟ್ಟಿದೆ. ಅದನ್ನು ದೂರುವುದು ನನ್ನ ಉದ್ದೇಶವಲ್ಲ. ಆದರೆ ಅದರ ಕಡ್ಡಿಯೆಲೆಗಳ ದಟ್ಟ ಹೊದಿಕೆಯ ಕೆಳಗೆ ಬಂಗಡ ಬಳ್ಳಿ ಬಾಳುವುದಿಲ್ಲ, ಆ ನೆರಳಿನ, ಬೇರು ತುಂಬಿದ ಮರಳಿನಲ್ಲಿ ಆಮೆ ಗುಂಡಿ ತೋಡುವುದಿಲ್ಲ. ದೊಡ್ಡ ಅಲೆ ಬಂದಾಗ ಅಂಚಿನ ಮರಗಳು ಬುಡಸಹಿತ ಉರುಳುತ್ತವೆ, ಉರುಳುವಾಗ ಬೇರಿನ ಮುಷ್ಟಿಯಲ್ಲಿ ಹಿಡಿದ ಹೊಯಿಗೆಯನ್ನೂ ಒಯ್ಯುತ್ತವೆ. ಅದು ದಿಣ್ಣೆಯ ಹಿಂದೆ ಇರಬೇಕಾದ ಮರ. ದಿಣ್ಣೆಯ ಮೇಲೆಯೂ ಮುಂದೆಯೂ ನೆಟ್ಟು ವನಮಹೋತ್ಸವದ ಫೋಟೋ ತೆಗೆಸಿಕೊಳ್ಳುವುದನ್ನು ನಿಲ್ಲಿಸಬೇಕು. ಬಳ್ಳಿಯ ತುಂಡುಗಳನ್ನು ಊರಿದರೆ ಸಾಕು, ಮಳೆಯ ಕೊನೆಯಲ್ಲಿ. ಖರ್ಚೂ ಇಲ್ಲ, ಫೋಟೋದಲ್ಲಿ ಕಾಣುವುದೂ ಇಲ್ಲ.

ಕೃಷಿಯ ಕಡೆಯಿಂದ ನೋಡುವ ನನ್ನಂಥವನಿಗೆ ದಿಣ್ಣೆಯ ದೊಡ್ಡ ಬೆಲೆ ಅದರ ನೀರಿನಲ್ಲಿದೆ. ಕಡಲಿಗೆ ಕೂಗಳತೆಯಲ್ಲಿರುವ ಬಾವಿಗಳಲ್ಲಿ ಸಿಹಿನೀರು ಸಿಗುವುದು ಹೇಗೆ? ದಿಣ್ಣೆಯ ಮೇಲೆ ಬಿದ್ದ ಮಳೆ ಹರಿದು ಹೋಗುವುದಿಲ್ಲ, ಇಂಗುತ್ತದೆ. ಸಿಹಿನೀರು ಉಪ್ಪುನೀರಿಗಿಂತ ಹಗುರ. ಹೊಯಿಗೆಯ ಒಳಗೆ ಅದು ಉಪ್ಪುನೀರಿನ ಮೇಲೆ ಮಸೂರದ ಆಕಾರದಲ್ಲಿ ತೇಲಿಕೊಂಡಿರುತ್ತದೆ. 19ನೆಯ ಶತಮಾನದ ಕೊನೆಗೆ ಡಚ್ ಎಂಜಿನಿಯರ್ ಘೈಬೆನ್, ಬಳಿಕ 1901ರಲ್ಲಿ ಜರ್ಮನಿಯ ಹರ್ಜ್‌ಬರ್ಗ್ ಇದರ ಲೆಕ್ಕವನ್ನು ಕೊಟ್ಟರು. (ಕಾಪುವಿನ ಬಂಡೆಯ ಮೇಲೆ ದೀಪಸ್ತಂಭ ಎದ್ದದ್ದೂ ಅದೇ 1901ರಲ್ಲಿ.) ಲೆಕ್ಕ ಇಷ್ಟೇ: ಕಡಲಮಟ್ಟಕ್ಕಿಂತ ಮೇಲೆ ಒಂದು ಅಡಿ ಸಿಹಿನೀರು ನಿಂತಿದ್ದರೆ ಕೆಳಗೆ ಹೆಚ್ಚುಕಡಿಮೆ ನಲವತ್ತು ಅಡಿ ಸಿಹಿನೀರು ಇರುತ್ತದೆ. ಇದರ ಇನ್ನೊಂದು ಮುಖ ಭಯ ಹುಟ್ಟಿಸುವಂಥದ್ದು. ದಿಣ್ಣೆಯನ್ನು ತಗ್ಗಿಸಿ, ಅಥವಾ ಕೊಳವೆಬಾವಿಯಿಂದ ಎಳೆದು, ಮೇಲಿನ ನೀರಿನ ಮಟ್ಟವನ್ನು ಒಂದು ಅಡಿ ಇಳಿಸಿದರೆ ಕೆಳಗಿನಿಂದ ಉಪ್ಪುನೀರು ನಿಧಾನವಾಗಿ ನಲವತ್ತು ಅಡಿ ಮೇಲೇರುತ್ತದೆ. ವಾಸ್ತವದಲ್ಲಿ ಮಣ್ಣಿನ ಪದರಗಳಿಗೆ ತಕ್ಕಂತೆ ಈ ಸಂಖ್ಯೆ ಹೆಚ್ಚುಕಡಿಮೆಯಾದೀತು, ದಿಕ್ಕು ಬದಲಾಗದು. ಒಮ್ಮೆ ಉಪ್ಪಾದ ಬಾವಿ ಒಂದು ಮಳೆಗಾಲಕ್ಕೆ ಸಿಹಿಯಾಗುವುದೂ ಇಲ್ಲ.

ಕಟಪಾಡಿಯ ಸಮೀಪದ ಮಟ್ಟುವಿನ ಗದ್ದೆಗಳನ್ನು ನೋಡಿ. ಒಂದೆಡೆ ಹೊಳೆ, ಇನ್ನೊಂದೆಡೆ ಕಡಲು, ನಡುವಿನ ಮರಳುಮಿಶ್ರಿತ ನೆಲದಲ್ಲಿ ಬೆಳೆಯುವ ಗುಳ್ಳ. ವಾದಿರಾಜರ ಹೆಸರಿನೊಂದಿಗೆ ಬಂದ ಈ ಬದನೆಗೆ 2011ರಲ್ಲಿ ಭೌಗೋಳಿಕ ಸೂಚಿಕೆಯ ಮಾನ್ಯತೆ ದೊರೆಯಿತು. ಆ ಮಾನ್ಯತೆಯ ಅರ್ಥವೇ ಇದು: ಈ ರುಚಿ ಈ ನೆಲದ್ದು, ಬೇರೆಡೆ ಬಾರದು. ಆ ನೆಲವನ್ನು ಕಡಲಿನಿಂದ ಬೇರ್ಪಡಿಸುವುದು ಒಂದು ಹೊಯಿಗೆಯ ಪಟ್ಟಿ ಮಾತ್ರ. ಬೀಜವನ್ನು ಕಾಪಾಡುವ ಉತ್ಸಾಹ ನಮ್ಮಲ್ಲಿ ಉಂಟು, ಪ್ರಮಾಣಪತ್ರ ಕೊಡಿಸುವ ಉತ್ಸಾಹವೂ ಉಂಟು. ಬೀಜದ ಕಾಲ ಕೆಳಗಿನ ಸಿಹಿನೀರನ್ನು ಹಿಡಿದಿರುವ ದಿಣ್ಣೆ ಯಾವ ಪತ್ರದಲ್ಲೂ ನಮೂದಾಗಿಲ್ಲ. ಅತ್ತ ನಗರದ ಕತೆ ನೋಡಿದರೆ, 2019ರ ಮೇ ತಿಂಗಳಲ್ಲಿ ಸ್ವರ್ಣೆಯ ಬಜೆ ಅಣೆಕಟ್ಟು ತಳಕಂಡು ಉಡುಪಿ, ಮಣಿಪಾಲಗಳು ಟ್ಯಾಂಕರಿಗೆ ಕೈಯೊಡ್ಡಿದವು. ಅಂಥ ಬೇಸಿಗೆಯಲ್ಲಿ ಕಡಲತಡಿಯ ಒಂದು ಸಿಹಿನೀರಿನ ಬಾವಿಗೆ ಏನು ಬೆಲೆಯೆಂದು ಯೋಚಿಸಬೇಕು.

ಇನ್ನು ಗೋಡೆಯ ವಿಷಯ. ಕಡಲ್ಕೊರೆತವೆಂಬುದು ನಮ್ಮ ಪತ್ರಿಕೆಗಳಿಗೆ ಪ್ರತಿ ಜೂನ್ ಜುಲೈನ ಸುದ್ದಿ. ತೆಂಗಿನಮರ ಉರುಳಿದ ಚಿತ್ರ, ಸಚಿವರ ಭೇಟಿ, ಕಲ್ಲು ಹಾಕುವ ಭರವಸೆ. ಹೀಗೆ ದಶಕಗಳಿಂದ ಹಾಕಿದ ಕಲ್ಲಿನ ಸಾಲು ಈಗ ದಂಡೆಯ ಹಲವು ಭಾಗಗಳನ್ನು ಆವರಿಸಿದೆ. ಗೋಡೆಗೆ ಬಡಿದ ಅಲೆ ಬಲಗುಂದುವುದಿಲ್ಲ, ಹಿಂದಕ್ಕೆ ಚಿಮ್ಮಿ ಗೋಡೆಯ ಬುಡದ ಹೊಯಿಗೆಯನ್ನೇ ಕೊರೆಯುತ್ತದೆ. ಬುಡ ಸಡಿಲವಾದ ಕಲ್ಲುಗಳು ಕುಸಿಯುತ್ತವೆ, ಮತ್ತೆ ಕಲ್ಲು ಹಾಕಬೇಕಾಗುತ್ತದೆ. ಗೋಡೆ ಎಲ್ಲಿ ಮುಗಿಯುತ್ತದೆಯೋ ಅಲ್ಲಿಂದಾಚೆಯ ಊರಿನಲ್ಲಿ ಕೊರೆತ ಹೆಚ್ಚುತ್ತದೆ, ಆ ಊರೂ ಗೋಡೆ ಕೇಳುತ್ತದೆ. ದಿಣ್ಣೆ ಗೋಡೆಯ ಹಿಂದೆ ಸಿಕ್ಕಿಕೊಂಡು ಕಡಲಿಗೆ ಹೊಯಿಗೆ ಕೊಡಲೂ ಆಗದೆ ಪಡೆಯಲೂ ಆಗದೆ ಸಾಯುತ್ತದೆ. ಮರವಂತೆಯಂಥ ಕಡೆ ಕಡಲಿಗೆ ಅಡ್ಡವಾಗಿ ಚಾಚಿದ ಕಲ್ಲಿನ ತೋಳುಗಳನ್ನು ಕಟ್ಟಿ ಹೊಯಿಗೆ ಹಿಡಿಯುವ ಪ್ರಯತ್ನವೂ ಆಗಿದೆ. ಒಂದು ಕಡೆ ಹಿಡಿದ ಹೊಯಿಗೆ ಇನ್ನೊಂದು ಕಡೆಗೆ ಹೋಗಬೇಕಾಗಿದ್ದದ್ದೆಂಬುದನ್ನು ಮರೆಯಬಾರದು.

ಈ ಕಲ್ಲು ಎಲ್ಲಿಂದ ಬರುತ್ತದೆ? ಒಳನಾಡಿನ ಗುಡ್ಡಗಳಿಂದ, ನಮ್ಮ ಮಗ್ಗುಲಿನ ಕ್ವಾರಿಗಳಿಂದ. 1432ರಲ್ಲಿ ಕಾರ್ಕಳದ ಶಿಲ್ಪಿಗಳು ಒಂದೇ ಕಲ್ಲಿನಲ್ಲಿ ಗೊಮ್ಮಟನನ್ನು ನಿಲ್ಲಿಸಿದ ಇದೇ ನೆಲದ ಬಂಡೆ ಇಂದು ಟಿಪ್ಪರಿನಲ್ಲಿ ಕಡಲಿಗೆ ಹೋಗಿ ಬೀಳುತ್ತಿದೆ. ಈ ವ್ಯವಹಾರದ ವೈಚಿತ್ರ್ಯವನ್ನು ಗಮನಿಸಿ. ಬೆಟ್ಟವನ್ನು ಮರಳಾಗಿಸಿ ಪುಕ್ಕಟೆಯಾಗಿ ದಂಡೆಗೆ ತಲುಪಿಸುತ್ತಿದ್ದ ಹೊಳೆಯನ್ನು ನಾವು ತಡೆದಿದ್ದೇವೆ, ದಾರಿಯಲ್ಲೇ ಅದರ ಹೊಯಿಗೆಯನ್ನು ಬಾಚಿದ್ದೇವೆ. ಆಮೇಲೆ ಅದೇ ಬೆಟ್ಟವನ್ನು ಸಿಡಿಮದ್ದಿಟ್ಟು ಒಡೆದು, ಸರಕಾರದ ಹಣದಲ್ಲಿ, ಅದೇ ದಂಡೆಗೆ ಹೊತ್ತು ಹಾಕುತ್ತಿದ್ದೇವೆ. ಹೊಯಿಗೆ ಕಳೆದುಕೊಂಡ ಊರು ಒಂದು, ಗುಡ್ಡ ಕಳೆದುಕೊಂಡ ಊರು ಇನ್ನೊಂದು. ಎರಡೂ ಊರಿನವರು ಒಂದೇ ಸಭೆಯಲ್ಲಿ ಕುಳಿತು ಮಾತಾಡಿದ್ದನ್ನು ನಾನು ಕಂಡಿಲ್ಲ.

ತಡೆದವರಲ್ಲಿ ನಾವೂ ಇದ್ದೇವೆ. ಕಿಂಡಿ ಅಣೆಕಟ್ಟು ಬೇಡವೆಂದು ಹೇಳುವ ಧೈರ್ಯ ಬೇಸಿಗೆಯಲ್ಲಿ ಅಡಿಕೆ ಒಣಗುವುದನ್ನು ಕಂಡ ಯಾರಿಗೂ ಬರಲಾರದು, ಬರಬೇಕಾಗಿಯೂ ಇಲ್ಲ. ಆದರೆ ಕಿಂಡಿಯೆಂದರೆ ತೆರೆಯುವುದಕ್ಕಿರುವುದು. ಮಳೆಗಾಲಕ್ಕೆ ಮುನ್ನ ಹಲಗೆಗಳನ್ನು ಪೂರ್ತಿ ತೆಗೆದಿಟ್ಟ ಕಟ್ಟಿನಲ್ಲಿ ನೆರೆಯೊಂದಿಗೆ ಒರಟು ಹೊಯಿಗೆಯೂ ದಾಟುತ್ತದೆ. ಹಲಗೆ ತೆಗೆಯಲು ಉದಾಸೀನ ಮಾಡಿದಲ್ಲಿ, ಅಥವಾ ಕಿಂಡಿಯ ತಳವನ್ನೇ ಹೊಳೆಯ ಪಾತ್ರಕ್ಕಿಂತ ಎತ್ತರಕ್ಕೆ ಕಾಂಕ್ರೀಟು ಹಾಕಿ ಕಟ್ಟಿದಲ್ಲಿ, ಹೊಯಿಗೆ ಹಿಂದೆಯೇ ನಿಲ್ಲುತ್ತದೆ, ನೀರಿನ ಸಂಗ್ರಹವೂ ವರ್ಷವರ್ಷ ಕುಗ್ಗುತ್ತದೆ. ತೆರೆದಿಟ್ಟರೆ ನಮಗೂ ಲಾಭ, ಕೋಡಿಯವರಿಗೂ ಲಾಭ.

ಹೊಯಿಗೆ ಬಾಚುವ ವಿಚಾರದಲ್ಲಿ ನಮ್ಮ ಭಾಷೆಯೇ ಒಂದು ತೊಡಕನ್ನು ಒಡ್ಡಿದೆ. ಹೊಳೆಯಲ್ಲಿ ದೋಣಿಗೆ ಅಡ್ಡಿಯಾಗುವ ಮರಳಿನ ದಂಡೆಗಳನ್ನು ಸಾಂಪ್ರದಾಯಿಕ ಸಮುದಾಯದವರು ಕೈಯಿಂದ ತೆಗೆಯಲು 2011ರ ನಂತರ ಕರಾವಳಿ ನಿಯಂತ್ರಣ ವಲಯದ ನಿಯಮದಡಿ ಅವಕಾಶ ದೊರೆಯಿತು. ಕನ್ನಡದ ಆದೇಶಗಳಲ್ಲೂ ಪತ್ರಿಕೆಗಳಲ್ಲೂ ಇದನ್ನು 'ಮರಳು ದಿಬ್ಬ ತೆರವು' ಎಂದರು. ಅದೇ ನಿಯಮವು ಮುಟ್ಟಬಾರದೆಂದು ಹೇಳುವ ಕಡಲತಡಿಯ ದಿಣ್ಣೆಗೂ ಕನ್ನಡದಲ್ಲಿ 'ಮರಳು ದಿಬ್ಬ'ವೆಂದೇ ಹೆಸರು. ತೆರವಾಗಬೇಕಾದದ್ದು, ತೆರವಾಗಕೂಡದ್ದು, ಎರಡಕ್ಕೂ ಒಂದೇ ಶಬ್ದ. ಪಂಚಾಯತಿನ ಸಭೆಯಲ್ಲಿ ಕುಳಿತವನು ಯಾವುದೆಂದು ತಿಳಿದಾನು? ಆದುದರಿಂದ ಈ ಲೇಖನದಲ್ಲಿ ನಾನು ಹೊಯಿಗೆ ದಿಣ್ಣೆಯೆಂದೇ ಬರೆದಿದ್ದೇನೆ. ಇನ್ನೂ ಒಳ್ಳೆಯ ಶಬ್ದ ಕಡಲತಡಿಯ ಹಿರಿಯರ ಬಾಯಲ್ಲಿದ್ದರೆ ವಿದ್ಯಾರ್ಥಿಗಳು ಕೇಳಿ ತಿಳಿಸಬೇಕು.

ನಿಯಮವಂತೂ ಸ್ಪಷ್ಟವಾಗಿದೆ. 1991ರಲ್ಲಿ ಮೊದಲ ಕರಾವಳಿ ಅಧಿಸೂಚನೆ ಬಂತು, 2011ರಲ್ಲಿ ಎರಡನೆಯದು, 2019ರಲ್ಲಿ ಮೂರನೆಯದು. ಜನದಟ್ಟಣೆಯ ಹಳ್ಳಿಗಳಲ್ಲಿ ಕಟ್ಟಡ ನಿಷೇಧದ ಅಂತರವನ್ನು 200 ಮೀಟರಿನಿಂದ 50 ಮೀಟರಿಗೆ ಇಳಿಸಿದ ಅಪಕೀರ್ತಿ ಮೂರನೆಯದಕ್ಕೆ ಸೇರಿದ್ದು. ಆದರೆ ಅದರಲ್ಲೂ ಹೊಯಿಗೆ ದಿಣ್ಣೆ, ಕಡಲಾಮೆ ಮೊಟ್ಟೆಯಿಡುವ ಜಾಗ, ಹಕ್ಕಿಗಳು ಗೂಡುಕಟ್ಟುವ ಜಾಗ ಅತ್ಯಂತ ಸೂಕ್ಷ್ಮ ವರ್ಗದಲ್ಲೇ ಉಳಿದಿವೆ. ದಿಣ್ಣೆಯ ರೂಪ ಬದಲಿಸಬಾರದೆಂಬ ಮಾತೂ ಅದರಲ್ಲಿದೆ. ಹೀಗಿದ್ದೂ ನಮ್ಮ ಕಡಲತಡಿಯ ಪ್ರವಾಸೋದ್ಯಮಕ್ಕೆ ಮೊದಲು ಹೊಳೆಯುವುದು ನೆಲ ಸಮತಟ್ಟು ಮಾಡಿ ಇಂಟರ್‌ಲಾಕ್ ಹಾಸುವುದೇ. 2020ರ ಅಕ್ಟೋಬರಿನಲ್ಲಿ ದೇಶದ 8 ಕಡಲತೀರಗಳಿಗೆ ಬ್ಲೂ ಫ್ಲ್ಯಾಗ್ ಮಾನ್ಯತೆ ಸಿಕ್ಕಾಗ ಅವುಗಳಲ್ಲಿ ನಮ್ಮ ಪಡುಬಿದ್ರಿಯೂ ಇತ್ತು. ಸ್ವಚ್ಛತೆ, ಶುದ್ಧ ನೀರು, ಸುರಕ್ಷತೆ, ಇವೆಲ್ಲ ಬೇಕಾದದ್ದೇ. ಪ್ಲಾಸ್ಟಿಕ್ಕನ್ನು ಹೆಕ್ಕುವವರಿಗೆ ನಮಸ್ಕಾರ. ಆದರೆ ಪ್ಲಾಸ್ಟಿಕ್ಕಿನ ಜೊತೆ ಅಲೆ ತಂದ ಸೊಪ್ಪು ಬಳ್ಳಿಗಳನ್ನೂ ಗುಡಿಸಿ, ದಂಡೆಯನ್ನು ಮದುವೆಯ ಚಪ್ಪರದಂತೆ ನುಣುಪಾಗಿಡುವುದು ಶುಚಿಯಲ್ಲ. ದಿಣ್ಣೆಯ ಮೊಳಕೆಯನ್ನೇ ಹೊಸಕುವುದು. ಪಡುಬಿದ್ರಿಯ ನೆರೆಯ ಹೆಜಮಾಡಿ ಕೋಡಿಯಲ್ಲಿ ಮೀನುಗಾರಿಕಾ ಬಂದರಿಗೆ 2021ರಲ್ಲಿ ಶಂಕುಸ್ಥಾಪನೆಯಾಯಿತು. ಬಂದರಿನ ತೋಳುಗಳು ಕಡಲಿಗೆ ಚಾಚಿದಲ್ಲೆಲ್ಲ ಹೊಯಿಗೆಯ ನಡೆ ಬದಲಾಗುತ್ತದೆ. ಆ ಬದಲಾವಣೆಯನ್ನು ಅಳೆದು ಸಾರ್ವಜನಿಕರ ಮುಂದಿಡುವ ಹೊಣೆ ಕಟ್ಟುವವರದ್ದೇ.

ಇಷ್ಟು ಓದಿದ ಕಡಲತಡಿಯ ಮೊಗವೀರ ಬಂಧುವೊಬ್ಬರು, 'ನಿಮಗೇನು ಸ್ವಾಮೀ, ಗುಡ್ಡದ ಮೇಲೆ ಕುಳಿತು ಬರೆಯುತ್ತೀರಿ, ಅಲೆ ಬರುವುದು ನಮ್ಮ ಅಂಗಳಕ್ಕೆ' ಎಂದರೆ ಅವರ ಮಾತು ನ್ಯಾಯವಾದದ್ದೇ. ಮನೆಯ ಗೋಡೆಗೆ ಅಲೆ ತಾಗುತ್ತಿರುವವರಿಗೆ ಬಳ್ಳಿ ನೆಡಿರೆಂದು ಹೇಳುವುದು ಕ್ರೌರ್ಯ. ಈಗಾಗಲೇ ಮನೆಗಳು ಅಂಚಿಗೆ ಬಂದಿರುವಲ್ಲಿ ಕಲ್ಲು ಬೇಕಾದೀತು. ಅದನ್ನು ನಾನು ವಿರೋಧಿಸುವುದಿಲ್ಲ. ವಿರೋಧಿಸುವುದು, ದಿಣ್ಣೆ ಇನ್ನೂ ಜೀವಂತವಾಗಿರುವಲ್ಲಿಯೂ ಗುತ್ತಿಗೆಯ ಆಸೆಗೆ ಕಲ್ಲು ಸುರಿಯುವುದನ್ನು. ಗೋಡೆಯಿಂದ ಮೀನುಗಾರರು ಕಳೆದುಕೊಂಡದ್ದೂ ಇದೆ. 1970ರ ದಶಕದ ನಡುವೆ ಯಾಂತ್ರಿಕ ಬಲೆಗಳು ಬರುವವರೆಗೆ ಊರಿಗೆ ಊರೇ ಸೇರಿ ಎಳೆಯುತ್ತಿದ್ದ ರಂಪಣಿಗೆ ಬೇಕಾಗಿದ್ದದ್ದು ವಿಶಾಲವಾದ ಹೊಯಿಗೆಯ ದಂಡೆ. ಇಂದು ಅಲ್ಲಲ್ಲಿ ಉಳಿದಿರುವ ಕೈರಂಪಣಿಗೂ ಅದೇ ಬೇಕು, ನಾಡದೋಣಿ ಎಳೆದಿಡಲೂ ಮೀನು ಒಣಗಿಸಲೂ ಅದೇ ಬೇಕು. ಕಲ್ಲಿನ ರಾಶಿಯ ಮೇಲೆ ಬಲೆಯೆಳೆಯಲಾಗದು.

ನೆದರ್ಲೆಂಡ್ಸ್ ದೇಶವನ್ನು ಕಡಲಿಗೆ ಗೋಡೆ ಕಟ್ಟಿ ಗೆದ್ದ ನಾಡೆಂದು ನಮ್ಮ ಎಂಜಿನಿಯರುಗಳು ಹೊಗಳುತ್ತಾರೆ. ಆ ನಾಡಿನ ಆಮ್‌ಸ್ಟರ್‌ಡ್ಯಾಮ್ ನಗರ 1853ರಿಂದ ಕುಡಿಯುವ ನೀರನ್ನು ಹೊಯಿಗೆ ದಿಣ್ಣೆಗಳಿಂದ ಪಡೆಯುತ್ತಿದೆ, ಆ ದಿಣ್ಣೆಗಳನ್ನು ಕಾದಿರಿಸಿದೆ. 2011ರಲ್ಲಿ ಅವರು ಹೇಗ್ ನಗರದ ಬಳಿ ಕಡಲತಡಿಗೆ 2 ಕೋಟಿ ಘನಮೀಟರಿಗೂ ಮಿಕ್ಕಿ ಹೊಯಿಗೆಯನ್ನು ಒಂದೇ ಕಡೆ ಸುರಿದು, ಅಲೆ ಗಾಳಿಗಳೇ ಅದನ್ನು ಹಂಚಿ ದಿಣ್ಣೆ ಕಟ್ಟಲೆಂದು ಬಿಟ್ಟರು. ಅಷ್ಟು ಹಣ ನಮ್ಮಲ್ಲಿಲ್ಲ. ಆದರೆ ಅವರು ಯಂತ್ರದಿಂದ ತೆಗೆಯಬೇಕಾದ ಹೊಯಿಗೆಯನ್ನು ನಮಗೆ ಪ್ರತಿ ಮಳೆಗಾಲವೂ ತಂದುಕೊಡಲು ಸ್ವರ್ಣೆ, ಸೀತೆ, ಶಾಂಭವಿಯರು ಸಿದ್ಧರಿದ್ದಾರೆ.

ವಿದ್ಯಾರ್ಥಿ ಮಿತ್ರರಿಗೆ ಒಂದು ಕೆಲಸ. ಒಂದೂವರೆ ಮೀಟರ್ ಉದ್ದದ ಎರಡು ಕೋಲುಗಳಿಗೆ ಮೇಲಿನಿಂದ ಕೆಳಕ್ಕೆ ಸೆಂಟಿಮೀಟರಿನ ಗುರುತು ಹಾಕಿ, ಎರಡನ್ನೂ ಎರಡು ಮೀಟರ್ ಹಗ್ಗದಿಂದ ಕಟ್ಟಿ. ದಿಣ್ಣೆಯ ಹಿಂದಿನ ಕದಲದ ಗುರುತೊಂದರಿಂದ, ಬಾವಿಕಟ್ಟೆಯೋ ದೇವಸ್ಥಾನದ ಮೆಟ್ಟಿಲೋ, ಕಡಲಿನತ್ತ ನೇರವಾಗಿ ನಡೆಯಿರಿ. ಕಡಲ ಕಡೆಯ ಕೋಲು ತಗ್ಗಿನಲ್ಲಿದ್ದರೆ ಅದರ ತುದಿಯನ್ನು ಕ್ಷಿತಿಜದ ಗೆರೆಗೆ ಸರಿಹೊಂದಿಸಿ, ಹಿಂದಿನ ಕೋಲಿನ ಯಾವ ಗುರುತಿನಿಂದ ಎರಡೂ ಒಂದೇ ಗೆರೆಯಲ್ಲಿ ಕಾಣುತ್ತವೆಯೋ ಅದನ್ನು ಬರೆದುಕೊಳ್ಳಿ. ಆ ಅಂಕಿಯೇ ಎರಡು ಮೀಟರಿನಲ್ಲಿ ನೆಲ ಇಳಿದ ಅಳತೆ. ಕಡಲ ಕಡೆಯ ಕೋಲೇ ಎತ್ತರದಲ್ಲಿದ್ದರೆ ಹಿಂದಿನ ಕೋಲಿನ ತುದಿಯಿಂದ ಕ್ಷಿತಿಜವನ್ನು ನೋಡಿ, ಆ ಗೆರೆ ಮುಂದಿನ ಕೋಲನ್ನು ಹಾಯುವ ಗುರುತನ್ನು ಬರೆದುಕೊಳ್ಳಿ. ಅದು ನೆಲ ಏರಿದ ಅಳತೆ. ಹೀಗೆ ನೀರಿನ ಅಂಚಿನವರೆಗೆ. ಎಮರಿಯೆಂಬ ಅಮೆರಿಕದ ವಿಜ್ಞಾನಿ 1961ರಲ್ಲಿ ಹೇಳಿಕೊಟ್ಟ ಈ ಉಪಾಯಕ್ಕೆ ನೂರು ರೂಪಾಯಿಯೂ ಬೇಡ. ತಿಂಗಳಿಗೊಮ್ಮೆ, ಅಮಾವಾಸ್ಯೆಯ ಇಳಿತದ ಹೊತ್ತಿಗೆ, ಅದೇ ಗೆರೆಯಲ್ಲಿ ಅಳೆದರೆ ಒಂದು ವರ್ಷದಲ್ಲಿ ದಂಡೆಯ ಉಸಿರಾಟ ಕಾಗದದ ಮೇಲೆ ಕಾಣುತ್ತದೆ. ಕಾರ್ಕಳ, ಮಣಿಪಾಲಗಳ ಕಾಲೇಜುಗಳಿಂದ ಕಾಪುವಿಗೋ ಕೋಡಿ ಬೆಂಗ್ರೆಗೋ ಹೋಗಿಬರಲು ಒಂದು ರಜೆಯ ದಿನ ಸಾಕು. ಅಳತೆಯ ಪುಸ್ತಕ ಕೈಯಲ್ಲಿದ್ದವರ ಮಾತಿಗೆ ಜಿಲ್ಲಾಧಿಕಾರಿಯ ಸಭೆಯಲ್ಲಿ ಬರುವ ತೂಕ ಘೋಷಣೆಗೆ ಬರುವುದಿಲ್ಲ.

ಹಳ್ಳಿಗಳ ಬಂಧುಗಳಿಗೆ ಇನ್ನೊಂದು ಕೆಲಸ. ಮೇ ತಿಂಗಳ ಗ್ರಾಮಸಭೆಯಲ್ಲಿ ನಿಮ್ಮೂರ ಕಿಂಡಿ ಅಣೆಕಟ್ಟಿನ ಹಲಗೆಗಳನ್ನು ಯಾವ ದಿನ, ಯಾರು, ಎಷ್ಟು ಕಿಂಡಿಗಳಿಂದ ತೆಗೆಯುತ್ತಾರೆಂಬುದನ್ನು ಕೇಳಿ ನಡಾವಳಿಯಲ್ಲಿ ಬರೆಯಿಸಿ. ಹೊಸ ಕಟ್ಟಿನ ನಕ್ಷೆ ಬಂದಿದ್ದರೆ ಕಿಂಡಿಯ ತಳ ಹೊಳೆಯ ಪಾತ್ರದ ಮಟ್ಟದಲ್ಲಿದೆಯೋ ಮೇಲಿದೆಯೋ ಎಂದು ನೋಡಿ, ಮೇಲಿದ್ದರೆ ಆಕ್ಷೇಪ ಕೊಡಿ. ಆಕ್ಷೇಪಣೆಯ ಒಂದು ಪ್ರತಿಯನ್ನು ಅದೇ ಹೊಳೆಯ ಅಳಿವೆಯಲ್ಲಿರುವ ಗ್ರಾಮ ಪಂಚಾಯತಿಗೂ ಕಳುಹಿಸಿ.